ಕಣ್ಣಿನಲ್ಲಿ ಹುಣ್ಣಿದೆ, ನೋವಿಲ್ಲ ಎನ್ನುತ್ತಾರೆ ಅಪ್ಪ

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಕಳೆದ ವರ್ಷ ಹಣೆಯ ಬಲಭಾಗದಲ್ಲಿ ಸರ್ಪಸುತ್ತು ಎದ್ದು ವಾಸಿಯಾಯಿತು. ಎರಡು ತಿಂಗಳಿಂದ ಬಲಗಣ್ಣು ಕೆಂಪಗಿದೆ, ಮಂಜು ಮಂಜಾಗಿ ಕಾಣುತ್ತದೆಯಂತೆ. ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಹುಣ್ಣಾಗಿದೆ, ರೆಪ್ಪೆಗೆ ಹೊಲಿಗೆ ಹಾಕಬೇಕು ಎಂದು ವೈದ್ಯರು ಹೇಳಿದ್ದಾರೆ. ‘ನೋವೇ ಇಲ್ಲ, ಹೊಲಿಗೆ ಯಾಕೆ?’ ಎಂದು ತಂದೆ ಹಟ ಹಿಡಿದಿದ್ದಾರೆ.
– ಓದುಗರೊಬ್ಬರು, ಹಾವೇರಿ

ಉತ್ತರ: ತಂದೆಯವರು ಯಾವುದನ್ನು ನಂಬಿ ನಿಶ್ಚಿಂತೆಯಿಂದ ಇದ್ದಾರೋ, ನನಗೆ ಅದೇ ಗಾಬರಿ ಹುಟ್ಟಿಸುತ್ತದೆ. ಕಣ್ಣಿಗೆ ಒಂದು ಧೂಳಿನ ಕಣ ಬಿದ್ದರೂ ನಾವು ಚಡಪಡಿಸುತ್ತೇವೆ. ಇಡೀ ದೇಹದಲ್ಲಿ ಅತಿ ಹೆಚ್ಚು ನರತುದಿಗಳು ಒತ್ತಾಗಿರುವ ಜಾಗಗಳಲ್ಲಿ ಕಾರ್ನಿಯಾವೂ ಒಂದು. ಅಲ್ಲಿ ಹುಣ್ಣಾಗಿಯೂ ನೋಯುತ್ತಿಲ್ಲ ಎಂದರೆ ನರವೇ ಮರಗಟ್ಟಿದೆ ಎಂದರ್ಥ.

ಸರ್ಪಸುತ್ತಿನ ವೈರಾಣು ಅಡಗಿ ಕೂರುವುದು ನರದ ಬೇರಿನಲ್ಲಿ. ಹಣೆಗೂ ಕಾರ್ನಿಯಾಕ್ಕೂ ಸ್ಪರ್ಶಜ್ಞಾನ ಕೊಡುವುದು ಒಂದೇ ನರದ ಕವಲುಗಳು. ಹಣೆಯ ಗುಳ್ಳೆ ಒಣಗಿ ಹೋಯಿತು, ಒಳಗಿನ ನರಕ್ಕೆ ಆದ ಪೆಟ್ಟು ಉಳಿಯಿತು. ಸಕ್ಕರೆ ಕಾಯಿಲೆಯೂ ತನ್ನ ಪಾಲು ಸೇರಿಸಿರಬಹುದು. ಪಾದ ಜೋಮು ಹಿಡಿಸುವ ಹಾಗೆಯೇ ಅದು ಕಾರ್ನಿಯಾದ ನರವನ್ನೂ ಸವೆಸುತ್ತದೆ.

ಆ ನರದ ಕೆಲಸ ನೋವು ತಿಳಿಸುವುದಷ್ಟೇ ಅಲ್ಲ. ಕಣ್ಣು ಒಣಗಿದಾಗ ರೆಪ್ಪೆ ಮಿಟುಕುವುದು, ಕಣ್ಣೀರು ಒಸರುವುದು ಅದರ ಸೂಚನೆಯಿಂದಲೇ. ಮೇಲ್ಪದರದ ಜೀವಕೋಶಗಳಿಗೆ ಪೋಷಕ ಅಂಶ ಒದಗಿಸುವುದೂ ಅದೇ. ಆರೋಗ್ಯವಂತ ಕಣ್ಣಿನಲ್ಲಿ ಆ ಪದರ ಹೆಚ್ಚುಕಡಿಮೆ ವಾರಕ್ಕೊಮ್ಮೆ ಹೊಸದಾಗುತ್ತದೆ. ನರ ಸೋತ ಕಣ್ಣಿನಲ್ಲಿ ಸಣ್ಣ ತರಚು ಗಾಯವೂ ತಿಂಗಳುಗಟ್ಟಲೆ ಮಾಯುವುದಿಲ್ಲ. ಕಾರ್ನಿಯಾದ ದಪ್ಪವಾದರೂ ಎಷ್ಟು? ನಡುವೆ ಸುಮಾರು ಅರ್ಧ ಮಿಲಿಮೀಟರ್. ಹುಣ್ಣು ಆಳಕ್ಕಿಳಿದರೆ ತೂತು ಬೀಳುತ್ತದೆ, ಅದೂ ಸದ್ದಿಲ್ಲದೆ.

ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರವೇನೂ ಬೇಕಿಲ್ಲ. ಹತ್ತಿಯ ಎಳೆಯೊಂದನ್ನು ಹೊಸೆದು, ಕಣ್ಣಿಗೆ ಕಾಣದಂತೆ ಪಕ್ಕದಿಂದ ತಂದು ಕಾರ್ನಿಯಾಕ್ಕೆ ತಾಗಿಸುತ್ತೇವೆ. ಎಡಗಣ್ಣು ತಟ್ಟನೆ ಮುಚ್ಚಿಕೊಳ್ಳುತ್ತದೆ. ಬಲಗಣ್ಣು ಹತ್ತಿ ತಾಗಿದರೂ ಸುಮ್ಮನೆ ತೆರೆದೇ ಇರುತ್ತದೆ. ಮರಗಟ್ಟಿಸುವ ಹನಿ ಹಾಕುವ ಮೊದಲೇ ಇದನ್ನು ಮಾಡಬೇಕು. ದಯವಿಟ್ಟು ಮನೆಯಲ್ಲಿ ಪ್ರಯೋಗಿಸಬೇಡಿ.

ಹೊಲಿಗೆ ಎಂದರೆ ಕಣ್ಣನ್ನೇ ಮುಚ್ಚಿಬಿಡುತ್ತಾರೆ ಎಂದು ತಂದೆಯವರು ಹೆದರಿರಬೇಕು. ಕಣ್ಣು ಒಣಗದೆ ಹುಣ್ಣು ಮಾಯಲೆಂದು ಸಾಮಾನ್ಯವಾಗಿ ಹೊರತುದಿಯಲ್ಲಿ ಮಾತ್ರ ಎರಡೂ ರೆಪ್ಪೆಗಳನ್ನು ಕೂಡಿಸುತ್ತಾರೆ. ನಡುವಿನ ಸಂದಿನಿಂದ ನೋಡಬಹುದು, ಹನಿ ಹಾಕಬಹುದು. ಮಾಯ್ದ ಮೇಲೆ ಬಿಚ್ಚಲೂಬಹುದು. ನೋಡಲು ಚೆಂದವಿರುವುದಿಲ್ಲ, ನಿಜ. ಆದರೆ ಮಾಯದ ಹುಣ್ಣನ್ನು ಮಾಯಿಸುವುದರಲ್ಲಿ ಈ ಹಳೆಯ ಉಪಾಯವನ್ನು ನಾನು ಇಂದಿಗೂ ನಂಬುತ್ತೇನೆ. ಹುಣ್ಣು ಇನ್ನೂ ಮೇಲುಮೇಲೆ ಇದ್ದರೆ ಸಂರಕ್ಷಕ ರಾಸಾಯನಿಕವಿಲ್ಲದ ಕೃತಕ ಕಣ್ಣೀರು, ರೋಗಿಯ ರಕ್ತದಿಂದಲೇ ತಯಾರಿಸುವ ಸೀರಮ್ ಹನಿ, ಹುಣ್ಣಿನ ಮೇಲೆ ಹೊದಿಕೆಯಂತೆ ಕೂರಿಸುವ ಬ್ಯಾಂಡೇಜ್ ಲೆನ್ಸ್ ಇವನ್ನು ಮೊದಲು ಪ್ರಯತ್ನಿಸಬಹುದಿತ್ತು. ನರ ಬೆಳವಣಿಗೆಯ ಅಂಶವನ್ನೇ ಹನಿಯಾಗಿಸಿದ ಸೆನೆಜರ್ಮಿನ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ವಿಪರೀತ ದುಬಾರಿ. ನಿಮ್ಮ ವೈದ್ಯರು ಹೊಲಿಗೆಯ ಮಾತೆತ್ತಿದ್ದಾರೆ ಎಂದರೆ ಹುಣ್ಣು ಅಷ್ಟು ಮುಂದುವರಿದಿದೆ ಎಂದೇ ನನ್ನ ಊಹೆ. ತಡಮಾಡಬೇಡಿ. ಅಲ್ಲಿಯವರೆಗೆ ನಂದಿಬಟ್ಟಲು ರಸ, ಜೇನು, ಎದೆಹಾಲು ಯಾವುದೂ ಆ ಕಣ್ಣಿಗೆ ಬೀಳಕೂಡದು. ದಿನಾ ಬೆಳಿಗ್ಗೆ ಬೆಳಕಿನಲ್ಲಿ ನೀವೇ ಕಣ್ಣು ನೋಡಿ. ಬಿಳಿ ಚುಕ್ಕೆ, ಕೀವು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಾನು ವೆಲ್ಡಿಂಗ್ ಕೆಲಸ ಮಾಡುತ್ತೇನೆ. ರಾತ್ರಿ ಕಣ್ಣು ಉರಿದರೆ ಔಷಧ ಅಂಗಡಿಯಲ್ಲಿ ಕೊಟ್ಟ ಹನಿ ಹಾಕುತ್ತೇನೆ; ಕ್ಷಣದಲ್ಲಿ ಉರಿ ಮಾಯ. ದಿನಾ ಹಾಕಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ. ಕ್ಷಣದಲ್ಲಿ ಉರಿ ಹೋಗುತ್ತದೆ ಎಂದರೆ ಅದು ಪ್ರೊಪ್ಯಾರಕೇನ್‌ನಂಥ ಮರಗಟ್ಟಿಸುವ ಹನಿ ಇರಬೇಕು. ಶೀಶೆಯ ಮೇಲೆ ಹೆಸರು ನೋಡಿ. ನಾವು ಅದನ್ನು ಪರೀಕ್ಷೆಗೆಂದು ಒಂದೆರಡು ಹನಿ ಬಳಸುತ್ತೇವೆ, ಮನೆಗೆ ಕೊಟ್ಟು ಕಳಿಸುವುದಿಲ್ಲ. ದಿನವೂ ಹಾಕಿದರೆ ಮೇಲ್ಪದರ ಕಿತ್ತು ಬರುತ್ತದೆ, ಹಾವೇರಿಯ ಹಿರಿಯರಿಗೆ ಸರ್ಪಸುತ್ತಿನಿಂದ ಬಂದ ಸ್ಥಿತಿ ನಿಮಗೆ ಶೀಶೆಯಿಂದ ಬರುತ್ತದೆ. ವೆಲ್ಡಿಂಗ್ ಬೆಳಕಿನಿಂದಾದ ಉರಿ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ತಣ್ಣೀರು ಬಟ್ಟೆ, ನೋವಿನ ಮಾತ್ರೆ ಸಾಕು. ಇಳಿಯದಿದ್ದರೆ ಆ ಶೀಶೆಯನ್ನೂ ಜೊತೆಗೆ ತೆಗೆದುಕೊಂಡು ಕಣ್ಣಿನ ವೈದ್ಯರ ಬಳಿ ಹೋಗಿ.