ಕೇದಾರ-ಬದರಿಗೆ ತಂದೆ ತಾಯಿಯರನ್ನು ಕರೆದುಕೊಂಡು ಹೋಗುವ ಬಗ್ಗೆ: ಚಿಂತಾಮಣಿಯ ತಮ್ಮನಿಗೆ ಉತ್ತರ

ನಮಸ್ಕಾರ ತಮ್ಮಾ. ನಿಮ್ಮ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದ್ದೆ, ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಮುಗಿಸಿ ಈಗ ಬರೆಯುತ್ತಿದ್ದೇನೆ. ಅರವತ್ತೆಂಟು ವರ್ಷದ ತಂದೆಯವರಿಗೆ ಬಿ.ಪಿ. ಇದೆ, ತಾಯಿಯವರಿಗೆ ಮಂಡಿ ನೋವು. ಇಬ್ಬರಿಗೂ ಕೇದಾರನಾಥ, ಬದರಿನಾಥ ನೋಡುವ ಆಸೆ. ತಂದೆಯವರು ಹೋದ ವರ್ಷ ಅಲಿಪಿರಿಯಿಂದ ತಿರುಮಲದವರೆಗೆ ಎಲ್ಲೂ ಕೂರದೆ ಹತ್ತಿದ್ದಾರೆ, ಹಾಗಾಗಿ ಚಿಂತೆಯಿಲ್ಲ ಎಂದು ಬರೆದಿದ್ದೀರಿ. ಟ್ರಾವೆಲ್ಸ್‌ನವರು ಒಂಬತ್ತು ದಿನದಲ್ಲಿ ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿ ನಾಲ್ಕೂ ಧಾಮ ಮಾಡಿಸುತ್ತೇವೆ ಎಂದಿದ್ದಾರೆ. ಹೆಲಿಕಾಪ್ಟರ್ ಒಳ್ಳೆಯದೇ, ಹುಳು ಸಾಕಣೆಯ ನಡುವೆ ಯಾವಾಗ ಬಿಡುವು ಮಾಡಿಕೊಳ್ಳಬಹುದು ಎಂದೂ ಕೇಳಿದ್ದೀರಿ. ಗುಂಪಿನಲ್ಲಿ ಹಲವರು "ದೇವರ ಮೇಲೆ ಭಾರ ಹಾಕಿ ಹೊರಡಿ" ಎಂದಿದ್ದಾರೆ. ಖಂಡಿತ ಹೊರಡಿ. ಆದರೆ ಆ ಪ್ಯಾಕೇಜಿನಲ್ಲಿ ಹೋಗಬೇಡಿ, ನಾಲ್ಕು ಧಾಮ ಒಟ್ಟಿಗೆ ಬೇಡ. ಎರಡೇ ಧಾಮ ಸಾಕು, ದಿನಗಳು ಮಾತ್ರ ಹೆಚ್ಚಿರಲಿ. ಊರಿನ ಹಿರಿಯರೊಂದಿಗೆ ಆ ದಾರಿಯಲ್ಲಿ ಓಡಾಡಿದವನಾಗಿ ಇದನ್ನು ಹೇಳುತ್ತಿದ್ದೇನೆ.

ಮೊದಲು ಅಲಿಪಿರಿಯ ಮಾತು. 3,550 ಮೆಟ್ಟಿಲು ಹತ್ತಿದವರ ಕಾಲು ಗಟ್ಟಿಯಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ತಿರುಮಲ ಇರುವುದು ಸಮುದ್ರ ಮಟ್ಟದಿಂದ ಸಾವಿರ ಮೀಟರಿನೊಳಗೆ. ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯೇ ಎಂಟುನೂರು ಒಂಬೈನೂರು ಮೀಟರ್ ಎತ್ತರದಲ್ಲಿದೆ. ಅಷ್ಟು ಮೆಟ್ಟಿಲು ಹತ್ತಿ ತಂದೆಯವರು ತಲುಪಿದ್ದು ಹೆಚ್ಚುಕಡಿಮೆ ನಿಮ್ಮ ಮನೆಯ ಎತ್ತರವನ್ನೇ! ನಂದಿ ಬೆಟ್ಟದ ನೆತ್ತಿ 1,478 ಮೀಟರ್. ಕೇದಾರನಾಥ 3,583 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟೇ, ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕಡಿಮೆ. ಕಾಲಿನ ಕಸುವು ಇದಕ್ಕೆ ಉತ್ತರವಾಗುವುದಿಲ್ಲ. ಎರಡೂವರೆ ಸಾವಿರ ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಬರಬಹುದು. ವಯಸ್ಸು, ದುಡಿಮೆ ಯಾವುದನ್ನೂ ಅದು ನೋಡುವುದಿಲ್ಲ.

ನಮ್ಮ ಜೊತೆ ಬಂದಿದ್ದ ಪಕ್ಕದ ಊರಿನ ರೈತರೊಬ್ಬರ ವಿಷಯ ಹೇಳುತ್ತೇನೆ. ಸೊಪ್ಪಿನ ಹೊರೆಯನ್ನು ತೋಟದಿಂದ ಹುಳುಮನೆಗೆ ನಿಲ್ಲದೆ ಹೊತ್ತು ತರುವ ಆಳು. ಕೇದಾರದ ಕಾಲುದಾರಿಯಲ್ಲಿ ಲಿಂಚೋಲಿ ಹತ್ತಿರ ಅಂಗಡಿಯ ಮುಂದೆ ಕೂತರು. ಕೊಟ್ಟ ಚಹಾ ಕೈಯಲ್ಲೇ ಆರಿತು. ಮಫ್ಲರ್ ಬಿಚ್ಚಿದವರಿಗೆ ಮತ್ತೆ ಗಂಟು ಹಾಕಲು ಬೆರಳು ಸರಿಯಾಗಿ ಬರುತ್ತಿರಲಿಲ್ಲ. "ತಲೆ ಸ್ವಲ್ಪ ನೋಯುತ್ತಿದೆ ಅಷ್ಟೇ, ನಡೆಯಿರಿ" ಎನ್ನುತ್ತಲೇ ಇದ್ದರು. ಎದ್ದು ನಿಂತಾಗ ಹೆಜ್ಜೆ ಓಲಾಡಿತು. ಕುದುರೆ ಮಾಡಿ ಅಲ್ಲಿಂದಲೇ ಕೆಳಗೆ ಇಳಿಸಿದೆವು. ಭೀಮಬಲಿ ದಾಟಿ ಇಳಿಯುವಷ್ಟರಲ್ಲಿ ಮುಖಕ್ಕೆ ಬಣ್ಣ ಬಂತು, ಸಂಜೆ ರೊಟ್ಟಿ ಕೇಳಿ ತಿಂದರು. ಅದನ್ನೇ ನಿಯಮ ಮಾಡಿಕೊಳ್ಳಿ: ತಲೆನೋವಿನ ಜೊತೆ ವಾಂತಿ ಅಥವಾ ಊಟ ಬೇಡವೆನಿಸುವುದು ಇದ್ದರೆ ಮೇಲೆ ಹತ್ತುವುದನ್ನು ನಿಲ್ಲಿಸಬೇಕು. ಹೆಜ್ಜೆ ತಪ್ಪಿದರೆ, ಮಾತು ತೊದಲಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಆ ಕ್ಷಣವೇ ಕೆಳಗೆ ಇಳಿಸಬೇಕು, ರಾತ್ರಿಯಾದರೂ ಸರಿ. ಗುಡಿ ಇನ್ನು ಎರಡೇ ಕಿಲೋಮೀಟರ್ ಇದೆ ಎಂದು ಮನಸ್ಸು ಎಳೆಯುತ್ತದೆ. ಹಿರಿಯರಂತೂ ನೋವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ, ನಮ್ಮ ಯಾತ್ರೆ ಕೆಡುತ್ತದೆ ಎಂದು ನುಂಗಿಕೊಳ್ಳುತ್ತಾರೆ. ಆದ್ದರಿಂದ ಅವರ ಮಾತಿಗಿಂತ ಅವರ ಮುಖ, ನಡಿಗೆ, ಊಟ ಈ ಮೂರರ ಮೇಲೆ ನಿಮ್ಮ ಕಣ್ಣಿರಲಿ.

ಹೆಲಿಕಾಪ್ಟರ್ ಬಗ್ಗೆ ಕೇಳಿದ್ದೀರಿ. ತಾಯಿಯವರ ಮಂಡಿಗೆ ಅದು ದೊಡ್ಡ ಉಪಕಾರ, ಒಪ್ಪುತ್ತೇನೆ. ನಡಿಗೆ ಶುರುವಾಗುವ ಗೌರಿಕುಂಡದಿಂದ ಗುಡಿಗೆ 16 ಕಿಲೋಮೀಟರ್ ಏರು. ಇಳಿಯುವಾಗ ಮಂಡಿಗೆ ಏರುವಾಗಿನದಕ್ಕಿಂತ ಹೆಚ್ಚು ಪೆಟ್ಟು. ಆದರೆ ಕೇದಾರದ ಕೆಳಗಿನ ಫಾಟಾ ಅಥವಾ ಸಿರ್ಸಿಯಲ್ಲಿ ಹತ್ತಿದರೆ ಹತ್ತು ನಿಮಿಷದೊಳಗೆ ಕೇದಾರದಲ್ಲಿ ಇಳಿಸುತ್ತಾರೆ. ಆ ಹತ್ತು ನಿಮಿಷದಲ್ಲಿ ದೇಹಕ್ಕೆ ಹೊಂದಿಕೊಳ್ಳಲು ಎಡೆಯೇ ಸಿಗುವುದಿಲ್ಲ. ಮಂಡಿ ಉಳಿಯುತ್ತದೆ, ಶ್ವಾಸಕೋಶದ ಮೇಲಿನ ಹೊರೆ ಹಾಗೇ ಇರುತ್ತದೆ. ಚಾಕಿ ಹುಳು, ಅಂದರೆ ಎಳೆಯ ಹುಳು, ತಂದ ದಿನವೇ ಬಲಿತ ಸೊಪ್ಪು ಹಾಕುವುದಿಲ್ಲವಲ್ಲ, ಹಾಗೆ ಎತ್ತರವನ್ನೂ ಮೆಲ್ಲಮೆಲ್ಲಗೆ ಕೊಡಬೇಕು. ಹೆಲಿಕಾಪ್ಟರ್ ಆದರೂ ಸರಿ, ಕುದುರೆ ಆದರೂ ಸರಿ, ಅದಕ್ಕೆ ಮುಂಚೆ ಕೆಳಗೆ ಎರಡು ರಾತ್ರಿ ತಂಗಲೇಬೇಕು.

ತಂಗಲು ಗುಪ್ತಕಾಶಿ ಒಳ್ಳೆಯ ಜಾಗ, ಸುಮಾರು 1,300 ಮೀಟರ್. ಋಷಿಕೇಶದಿಂದ ಬೆಳಿಗ್ಗೆ ಬೇಗ ಹೊರಟರೆ ದೇವಪ್ರಯಾಗ, ಗಢವಾಲದ ಶ್ರೀನಗರ, ರುದ್ರಪ್ರಯಾಗದ ಮೇಲೆ ಸಂಜೆಯೊಳಗೆ ತಲುಪಬಹುದು. ದೇವಪ್ರಯಾಗದಲ್ಲಿ ಗಾಡಿ ನಿಲ್ಲಿಸಿ ತಾಯಿಯವರಿಗೆ ಸಂಗಮ ತೋರಿಸಿ. ಭಾಗೀರಥಿ, ಅಲಕನಂದಾ ಎರಡರ ನೀರಿನ ಬಣ್ಣವೂ ಬೇರೆ ಬೇರೆಯಾಗಿ ಕಾಣುತ್ತದೆ, ಅಲ್ಲಿಂದ ಮುಂದೆಯೇ ನದಿಗೆ ಗಂಗೆ ಎಂಬ ಹೆಸರು. ಮರುದಿನ ಗುಪ್ತಕಾಶಿಯಲ್ಲೇ ಉಳಿದು, ಹಗಲಿನಲ್ಲಿ ತ್ರಿಯುಗಿನಾರಾಯಣಕ್ಕೆ ಹೋಗಿ ಬನ್ನಿ. ಶಿವ ಪಾರ್ವತಿಯರ ಮದುವೆ ನಡೆದ ಸ್ಥಳವೆಂದು ನಂಬಿಕೆ, ಆರದ ಹೋಮಕುಂಡ ಅಲ್ಲಿದೆ. ಅದು ಎರಡು ಸಾವಿರ ಮೀಟರಿನ ಆಸುಪಾಸು. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಮಲಗಿದರೆ ದೇಹ ಚೆನ್ನಾಗಿ ಒಗ್ಗುತ್ತದೆ. ಪ್ಯಾಕೇಜಿನವರು ಈ ದಿನವನ್ನು 'ವ್ಯರ್ಥ' ಎಂದು ಕತ್ತರಿಸುತ್ತಾರೆ. ನನ್ನ ಪ್ರಕಾರ ಇಡೀ ಯಾತ್ರೆಯಲ್ಲಿ ಬಿಡಬಾರದ ದಿನವೇ ಅದು.

ನಿಮ್ಮ ಗಾಡಿ ಸೋನಪ್ರಯಾಗದವರೆಗೆ ಮಾತ್ರ. ಅಲ್ಲಿಂದ ಐದು ಕಿಲೋಮೀಟರ್ ಸ್ಥಳೀಯ ಜೀಪಿನಲ್ಲಿ ಗೌರಿಕುಂಡ. ಕುದುರೆ, ಹೇಸರಗತ್ತೆ, ಡೋಲಿ ಬೇಕಾದರೆ ಸರ್ಕಾರದ ಪ್ರೀಪೇಯ್ಡ್ ಕೌಂಟರಿನಲ್ಲೇ ಚೀಟಿ ಮಾಡಿಸಿ, ರಸ್ತೆಯಲ್ಲಿ ಕೈ ಹಿಡಿದು ಎಳೆಯುವವರ ಜೊತೆ ಚೌಕಾಸಿಗೆ ನಿಲ್ಲಬೇಡಿ. ತಾಯಿಯವರಿಗೆ ಹೆಲಿಕಾಪ್ಟರ್ ಟಿಕೆಟ್ ಸಿಗದಿದ್ದರೆ ಡೋಲಿಯೇ ವಾಸಿ. ಗಂಟೆಗಟ್ಟಲೆ ಕುದುರೆಯ ಮೇಲೆ ಕೂತರೆ ಸೊಂಟ, ತೊಡೆ ಹಿಡಿದುಕೊಂಡು ಇಳಿಯುವುದೇ ಕಷ್ಟವಾಗುತ್ತದೆ. ನಡೆಯುವವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಹೇಸರಗತ್ತೆಗಳ ಸಾಲು ಬಂದಾಗ ಯಾವಾಗಲೂ ಬೆಟ್ಟದ ಗೋಡೆಯ ಕಡೆಗೆ ಒತ್ತಿ ನಿಲ್ಲಿ, ಕಣಿವೆಯ ಅಂಚಿಗೆ ಎಂದೂ ಸರಿಯಬೇಡಿ. ಗ್ಯಾಸ್ ಸಿಲಿಂಡರ್, ಮೂಟೆ ಹೊತ್ತ ಪ್ರಾಣಿ ಪಕ್ಕೆಯಿಂದ ತಳ್ಳಿದರೆ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ನೋಂದಣಿ ಇಲ್ಲದೆ ಮೇಲೆ ಬಿಡುವುದಿಲ್ಲ. ಉತ್ತರಾಖಂಡ ಸರ್ಕಾರದ ಜಾಲತಾಣ ಅಥವಾ 'ಟೂರಿಸ್ಟ್ ಕೇರ್ ಉತ್ತರಾಖಂಡ' ಆ್ಯಪ್‌ನಲ್ಲಿ ಆಧಾರ್ ಕೊಟ್ಟು ನೀವೇ ಮಾಡಬಹುದು, ಏಜೆಂಟರು ಬೇಕಿಲ್ಲ. ಹೆಲಿಕಾಪ್ಟರ್ ಟಿಕೆಟ್ ಐಆರ್‌ಸಿಟಿಸಿಯ 'ಹೆಲಿಯಾತ್ರಾ' ಜಾಲತಾಣದಲ್ಲಿ ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಟಿಕೆಟ್ ಕೊಡುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಆ ಹೆಸರಿನ ನಕಲಿ ಜಾಲತಾಣಗಳಿಂದ ಮೋಸ ಹೋದವರು ದೇಶದ ತುಂಬ ಇದ್ದಾರೆ. ಮೋಡ ಕವಿದರೆ ಹಾರಾಟ ನಿಲ್ಲುತ್ತದೆ, ಅದಕ್ಕಾಗಿಯೇ ಒಂದೆರಡು ದಿನ ಕೈಯಲ್ಲಿಟ್ಟುಕೊಳ್ಳಿ. ನಮ್ಮ ಮುಜರಾಯಿ ಇಲಾಖೆ ಚಾರ್‌ಧಾಮ್ ಯಾತ್ರಿಕರಿಗೆ ಸಹಾಯಧನ ಕೊಡುತ್ತದೆ. ನೀವು ಹೋಗುವ ವರ್ಷದ ಷರತ್ತುಗಳನ್ನು ಹೊರಡುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ, ಎಲ್ಲ ಟಿಕೆಟ್, ರಸೀದಿಗಳನ್ನು ಜೋಪಾನ ಮಾಡಿ. ಮೇಲೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ನಗದು ಇರಲಿ.

ಇನ್ನು ಯಾವಾಗ ಎಂಬ ಪ್ರಶ್ನೆ. ಗುಡಿ ತೆರೆಯುವುದು ಏಪ್ರಿಲ್ ಕೊನೆ ಅಥವಾ ಮೇ ಮೊದಲಿಗೆ. ಕೇದಾರದ ತಾರೀಖನ್ನು ಶಿವರಾತ್ರಿಯಂದು ಊಖಿಮಠದಲ್ಲಿ ಪ್ರಕಟಿಸುತ್ತಾರೆ. ಕೇದಾರದ ಬಾಗಿಲು ಹಾಕುವುದು ದೀಪಾವಳಿಯ ಬಲಿಪಾಡ್ಯಮಿಯ ಮರುದಿನ. ಮೇ, ಜೂನ್‌ನಲ್ಲಿ ಜನಸಂದಣಿ ವಿಪರೀತ, ಹಿರಿಯರು ಗಂಟೆಗಟ್ಟಲೆ ಸಾಲಿನಲ್ಲಿ ಚಳಿಗೆ ನಿಲ್ಲಬೇಕಾಗುತ್ತದೆ. ಜುಲೈ, ಆಗಸ್ಟ್ ಬೇಡವೇ ಬೇಡ. 2013ರ ಜೂನ್‌ನಲ್ಲಿ ಚೋರಾಬಾರಿ ಸರೋವರ ಒಡೆದು ರಾಮಬಾಡಾ ಎಂಬ ತಂಗುದಾಣವೇ ಕೊಚ್ಚಿಹೋದದ್ದು ನಿಮಗೂ ನೆನಪಿರಬಹುದು. 2024ರ ಜುಲೈ 31ರ ರಾತ್ರಿಯ ಮಳೆಗೂ ಇದೇ ಕಾಲುದಾರಿ ಕಿತ್ತುಹೋಗಿ ಸಾವಿರಾರು ಜನರನ್ನು ರಕ್ಷಿಸಿ ಇಳಿಸಬೇಕಾಯಿತು. ಮಳೆ ಹಿಂತೆಗೆಯುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ನನ್ನ ಆಯ್ಕೆ. ಗಣೇಶನ ಹಬ್ಬ ಮುಗಿದಿರುತ್ತದೆ. ಮಹಾಲಯದ ದಿನಗಳು ಸೇರಿದರೆ ಬದರಿಯ ಬ್ರಹ್ಮಕಪಾಲದಲ್ಲಿ ಹಿರಿಯರಿಗೆ ಪಿಂಡ ಇಡುವ ಅವಕಾಶವೂ ಸಿಗುತ್ತದೆ. ಅದಕ್ಕಿಂತ ತಡವಾದರೆ ಚಳಿ ಬಿ.ಪಿ. ಇರುವವರಿಗೆ ಒಳ್ಳೆಯದಲ್ಲ.

ಹುಳುವಿನ ಲೆಕ್ಕ ಇದಕ್ಕೆ ಹೊಂದಿಸುವುದು ಕಷ್ಟವಲ್ಲ. ಚಾಕಿ ತಂದ ದಿನದಿಂದ ಗೂಡು ಬಿಡಿಸುವವರೆಗೆ ಸುಮಾರು ಮೂರೂವರೆ ವಾರ. ಆಗಸ್ಟ್ ಕೊನೆಗೆ ಚಾಕಿ ತಂದರೆ ಸೆಪ್ಟೆಂಬರ್ ಮೂರನೇ ವಾರಕ್ಕೆ ಶಿಡ್ಲಘಟ್ಟ ಮಾರುಕಟ್ಟೆಗೆ ಗೂಡು ಹೋಗಿರುತ್ತದೆ. ಹುಳುಮನೆ ತೊಳೆದು, ಹುಳು ಗೂಡು ಕಟ್ಟುವ ಚಂದ್ರಿಕೆ ಬಿಸಿಲಿಗೆ ಹಾಕಿ, ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ಕೆಲಸ ಮುಗಿಸಿ ಬೀಗ ಹಾಕಿ ಹೊರಡಿ. ಕತ್ತರಿಸಿದ ತೋಟ ಮತ್ತೆ ಸೊಪ್ಪಿಗೆ ಬರಲು ಹೇಗೂ ಸಮಯ ಬೇಕು, ಆ ಬಿಡುವಿನಲ್ಲಿ ಹದಿನಾಲ್ಕು ದಿನ ಸುಲಭವಾಗಿ ಸಿಗುತ್ತದೆ. ಎರಡು ಭಾಗ ಮಾಡಿಕೊಂಡು ಸರದಿಯಲ್ಲಿ ಬೆಳೆ ತೆಗೆಯುವವರು ಒಂದು ಬೆಳೆ ಬಿಡಬೇಕಾಗುತ್ತದೆ, ಬಿಡಿ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಎದ್ದಿರುವಾಗ ಬೇರೆಯವರ ಕೈಗೆ ಒಪ್ಪಿಸಿ ಹೋದರೆ ನಿಮ್ಮ ಮನಸ್ಸು ಕೇದಾರದಲ್ಲಿ ಇರುವುದಿಲ್ಲ. ಹಸುಗಳಿಗೆ ಮಾತ್ರ ಹಾಲು ಕರೆಯುವ ಕೈ ಬದಲಾಗುವುದನ್ನು ಒಂದು ವಾರ ಮುಂಚೆಯೇ ಅಭ್ಯಾಸ ಮಾಡಿಸಿ.

ಹೊರಡುವ ಮುಂಚಿನ ಎರಡು ತಿಂಗಳು ತಂದೆಯವರನ್ನು ವಾರಕ್ಕೆರಡು ಸಲ ಕೈವಾರದ ಬೆಟ್ಟಕ್ಕೋ, ಕೋಲಾರದ ಕಡೆ ಹೋದಾಗ ಅಂತರಗಂಗೆಯ ಮೆಟ್ಟಿಲಿಗೋ ಕರೆದೊಯ್ಯಿರಿ. ವೇಗ ಬೇಡ. ಮಾತನಾಡುತ್ತಾ ಹತ್ತಲು ಸಾಧ್ಯವಾಗುವ ವೇಗವೇ ಕೇದಾರಕ್ಕೂ ಸರಿಯಾದ ವೇಗ. ಎಲ್ಲೂ ಕೂರದೆ ಹತ್ತಿದೆ ಎಂಬ ಹೆಮ್ಮೆಯನ್ನು ಬಿಡಿಸಿ, ಕೂತು ಕೂತು ಹತ್ತುವುದನ್ನು ಕಲಿಸಿ. ಒಂದು ತಿಂಗಳು ಮುಂಚೆ ಹೃದಯದ ತಪಾಸಣೆ, ಇಸಿಜಿ ಮಾಡಿಸಿ. ಎತ್ತರದ ಕಾಯಿಲೆಗೆ ಅಸೆಟಜೋಲಮೈಡ್ ಮಾತ್ರೆ ಇದೆ, ಆದರೆ ಗುಂಪಿನಲ್ಲಿ ಯಾರೋ ಹೇಳಿದರೆಂದು ಕೊಡಬೇಡಿ. ಸಲ್ಫಾ ಅಲರ್ಜಿ ಇದ್ದವರಿಗೆ, ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತೊಂದರೆಯಾಗಬಹುದು, ವೈದ್ಯರೇ ಹೇಳಬೇಕು. ಬಿ.ಪಿ. ಮಾತ್ರೆಯನ್ನು ಎರಡು ಬೇರೆ ಚೀಲಗಳಲ್ಲಿ ಇಡಿ, ಒಂದು ಯಾವಾಗಲೂ ಮೈಮೇಲಿರಲಿ.

ಊಟಕ್ಕೆ ರಾಗಿ ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ, ಒಣಶುಂಠಿ ಒಯ್ಯಿರಿ. ಅಷ್ಟು ಎತ್ತರದಲ್ಲಿ ನೀರು 88 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಅನ್ನ, ಬೇಳೆ ಸರಿಯಾಗಿ ಬೇಯುವುದಿಲ್ಲ. ಬಿಸಿನೀರಿನಲ್ಲಿ ಕಲಸಿದ ಹುರಿಹಿಟ್ಟು ಹಿರಿಯರ ಹೊಟ್ಟೆಗೆ ಹಗುರ. ಉಣ್ಣೆ ಟೋಪಿ, ಎರಡು ಜೊತೆ ಕಾಲುಚೀಲ, ಒಳ್ಳೆಯ ರೇನ್‌ಕೋಟ್ ತಪ್ಪಿಸಬೇಡಿ. ಹೊಸ ಬೂಟನ್ನು ಊರಲ್ಲೇ ಹಾಕಿ ಸವೆಸಿ.

ತಾಯಿಯವರಿಗೆ ಒಂದು ವಿಷಯ ಹೇಳಿ, ಅವರಿಗೆ ಬಹಳ ಧೈರ್ಯ ಬರುತ್ತದೆ. ಕೇದಾರದ ರಾವಲರು (ಗುಡಿಯ ಮುಖ್ಯ ಧರ್ಮಗುರುಗಳು), ಅವರ ಅಧೀನದಲ್ಲಿ ಪೂಜೆ ಮಾಡುವ ಅರ್ಚಕರು ಕರ್ನಾಟಕದ ವೀರಶೈವ ಜಂಗಮ ಪರಂಪರೆಯವರು. ಅಷ್ಟು ದೂರದ ಹಿಮದ ನಡುವೆ ಕನ್ನಡದಲ್ಲಿ "ಎಲ್ಲಿಂದ ಬಂದಿರಿ ಅಮ್ಮಾ" ಎಂದು ಕೇಳಿದಾಗ ನಮ್ಮೂರಿನ ಅಜ್ಜಿಯೊಬ್ಬರು ಊರು, ತಾಲ್ಲೂಕು, ಮನೆದೇವರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಗರ್ಭಗುಡಿಯೊಳಗೆ ಬಿಡುವ ಹೊತ್ತು ಸಿಕ್ಕರೆ ಆ ಬಂಡೆಯಂಥ ಲಿಂಗಕ್ಕೆ ಸ್ವಂತ ಕೈಯಿಂದ ತುಪ್ಪ ಹಚ್ಚಬಹುದು. ಮನೆಯ ಹಸುವಿನ ತುಪ್ಪವನ್ನೇ ಸಣ್ಣ ಡಬ್ಬಿಯಲ್ಲಿ ಒಯ್ಯಿರಿ. ಚಳಿಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸಾಲಿನಲ್ಲಿರುವಾಗ ಸ್ವೆಟರ್ ಒಳಗೆ ಇಟ್ಟುಕೊಳ್ಳಲು ಹೇಳಿ.

ಬದರಿಗೆ ಗಾಡಿ ಊರಿನವರೆಗೂ ಹೋಗುತ್ತದೆ, ಆದರೆ ಅದೂ 3,100 ಮೀಟರ್ ಮೇಲಿದೆ ಎಂಬುದನ್ನು ಮರೆಯಬಾರದು. ಕೇದಾರದಿಂದ ಇಳಿದ ಮೇಲೆ ಒಂದು ರಾತ್ರಿ ಕೆಳಗೆ ವಿಶ್ರಾಂತಿ ಕೊಟ್ಟು ಊಖಿಮಠ, ಚೋಪ್ತಾ ದಾರಿಯಲ್ಲಿ ಚಮೋಲಿಗೆ ಹೋಗಿ. ತಪ್ತಕುಂಡದ ಬಿಸಿನೀರಿನಲ್ಲಿ ತಂದೆಯವರು ಬಹಳ ಹೊತ್ತು ಕೂರದಿರಲಿ, ಬಿ.ಪಿ. ಇಳಿದು ತಲೆ ತಿರುಗಬಹುದು.

ವೈದ್ಯರು ಕೇದಾರ ಬೇಡವೆಂದರೆ ಹಟ ಮಾಡಬೇಡಿ. ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿಗೆ ಪೂಜೆ ನಡೆಯುವುದು ಊಖಿಮಠದ ಓಂಕಾರೇಶ್ವರ ಗುಡಿಯಲ್ಲಿ. ಅದು ಗುಪ್ತಕಾಶಿಯಷ್ಟೇ ಎತ್ತರ, ಗಾಡಿ ಬಾಗಿಲವರೆಗೆ ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಅಲ್ಲಿಗೆ ಕರೆದೊಯ್ದು ದರ್ಶನ ಮಾಡಿಸಿದರೂ ಅದು ಕೇದಾರನ ದರ್ಶನವೇ.

ತಂದೆಯವರ ತಪಾಸಣೆಯ ವರದಿ ಬಂದ ಮೇಲೆ, ನಿಮ್ಮ ಆಗಸ್ಟ್ ಬೆಳೆಯ ಚಾಕಿ ತಾರೀಖನ್ನೂ ಇಲ್ಲೇ ಹಾಕಿ. ಯಾವ ದಿನಕ್ಕೆ ನೋಂದಣಿ ಮಾಡಿದರೆ ಸರಿಹೋಗುತ್ತದೆ ಎಂದು ಕೂಡಿ ಲೆಕ್ಕ ಹಾಕೋಣ.