ಫಾರೆಸ್ಟ್ ಗಾರ್ಡ್ ಕೆಲಸದಲ್ಲಿ ಕಾಡೊಳಗೆ ಏನಾದ್ರೂ ಆದ್ರೆ ಯಾರು ನೋಡ್ಕೋತಾರೆ?

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ತಮ್ಮ ಗಾರ್ಡ್ ಆಗಿ ಸೆಲೆಕ್ಟ್ ಆಗಿದಾನೆ, ಊರು ಬಾಗಲಕೋಟೆ ಕಡೆ, ಟ್ರೈನಿಂಗ್ ಮುಗಿದ್ಮೇಲೆ ಮೈಸೂರು ಚಾಮರಾಜನಗರ ಕಡೆ ಹುಲಿ ಕಾಡಿಗೆ ಹಾಕ್ತಾರಂತೆ, ಅವ್ವ ಬೇಡ ಅಂತ ಹಠ ಹಿಡಿದಿದಾರೆ, ಒಳಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೋಡ್ಕೊಳ್ಳೋರು ಯಾರು ಅಂತ ಕೇಳಿದೀರ. ನಾನೂ ಇದೇ ಕೆಲಸದಲ್ಲಿರೋನು, ಯಾವ ರೇಂಜು (ಅರಣ್ಯ ವಲಯ) ಅಂತ ಹೇಳಲ್ಲ, ಆದ್ರೆ ಆ ಕಡೆಯವನೇ ಅಂತ ಇಟ್ಕೊಳ್ಳಿ.

ಮೊದಲು ನೇರ ಉತ್ರ ಕೊಟ್ಬಿಡ್ತೀನಿ. ಏನಾದ್ರೂ ಆದ್ರೆ ಮೊದಲು ಬರೋನು ನಿಮ್ಮ ತಮ್ಮನ ಹಿಂದೆ ಮುಂದೆ ನಡೀತಿರೋ ವಾಚರ್, ಅಂದ್ರೆ ಗಾರ್ಡ್ ಕೈಕೆಳಗೆ ಕಾಡು ಕಾಯೋನು. ಅವನಾದ್ಮೇಲೆ ಪಕ್ಕದ ಕ್ಯಾಂಪಿನವ್ರು. ಆಮೇಲೆ ರೇಂಜಿನ ಜೀಪು. ಡಿಪಾರ್ಟ್‌ಮೆಂಟು, ಆಸ್ಪತ್ರೆ, ಪರಿಹಾರ ಎಲ್ಲ ಅದಾದ್ಮೇಲೆ. ಇದು ಡಿಪಾರ್ಟ್‌ಮೆಂಟ್ ಮೇಲಿನ ದೂರಲ್ಲ, ದಾರಿ ದೂರ, ಸಿಗ್ನಲ್ ಇರಲ್ಲ, ಜೀಪ್ ಬರಕ್ಕೇ ಒಂದು ಗಂಟೆ ಆಗೋ ಜಾಗಗಳಿವೆ, ಅದಕ್ಕೆ ಹಂಗೆ. ಹಾಗಾಗಿ ನಿಮ್ಮ ತಮ್ಮ ಕ್ಯಾಂಪಿಗೆ ಹೋದ ಮೊದಲ ದಿನದಿಂದಲೇ ಆ ವಾಚರ್‌ಗಳ ಜೊತೆ ಹೇಗಿರ್ತಾನೆ ಅನ್ನೋದ್ರ ಮೇಲೆ ಮುಕ್ಕಾಲು ಪಾಲು ನಿಂತಿದೆ.

ಕ್ಯಾಂಪ್ ಅಂದ್ರೆ ಕಳ್ಳಬೇಟೆ ತಡೆ ಶಿಬಿರ. ಒಂದು ಸಣ್ಣ ಕಟ್ಟಡ, ಸುತ್ತ ಆನೆ ದಾಟದಂಗೆ ಟ್ರೆಂಚ್, ಮೇಲೊಂದು ಸೋಲಾರ್ ಪ್ಲೇಟು, ಒಂದು ವೈರ್‌ಲೆಸ್ ಸೆಟ್ಟು, ನಾಲ್ಕೈದು ಜನ. ಒಬ್ಬ ಗಾರ್ಡ್ ಇದ್ರೆ ಮಿಕ್ಕವ್ರು ವಾಚರ್‌ಗಳು, ನಮ್ಮ ಕಡೆ ಹೆಚ್ಚಿನವ್ರು ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು, ಹಾಡಿಗಳಿಂದ (ಕಾಡಂಚಿನ ಬುಡಕಟ್ಟು ಜನರ ಕೇರಿಗಳಿಂದ) ಬಂದವ್ರು. ರೇಷನ್ ಹೊರಗಿಂದ ತರಬೇಕು, ಅಡುಗೆ ಸರದಿ ಮೇಲೆ, ರಾಗಿ ಮುದ್ದೆ ತಿರುವಕ್ಕೆ ನಿಮ್ಮ ತಮ್ಮ ಕಲೀಲೇಬೇಕಾಗುತ್ತೆ, ರೊಟ್ಟಿ ಮರೀಬೇಕು (ಅವರಿಗೂ ರೊಟ್ಟಿ ಬಡಿಯೋದು ಕಲಿಸಿದ್ರೆ ತುಂಬಾ ಖುಷಿ ಪಡ್ತಾರೆ, ನಮ್ಮ ಕ್ಯಾಂಪಲ್ಲಿ ಒಬ್ಬ ವಿಜಯಪುರದ ಹುಡುಗ ಕಲಿಸಿದ್ದ). ಬೆಳಿಗ್ಗೆ ಎದ್ದು ಗಸ್ತು, ಫೋನಲ್ಲಿ ಗಸ್ತು ದಾಖಲಿಸೋ ಎಂ-ಸ್ಟ್ರೈಪ್ಸ್ ಆ್ಯಪ್ ಆನ್ ಮಾಡ್ಕೊಂಡು ನಡೆಯೋದು, ಹೆಜ್ಜೆ ಗುರುತು, ಲದ್ದಿ, ಉರುಳು, ಯಾರಾದ್ರೂ ಒಳಗೆ ಬಂದಿರೋ ಕುರುಹು ಎಲ್ಲ ಅದರಲ್ಲಿ ಹಾಕೋದು. ಬೇಟೆಗಾರರ ಗುಂಡಿಗಿಂತ ಉರುಳು ಕೆಟ್ಟದ್ದು, ಬೈಕಿನ ಕ್ಲಚ್ ವೈರ್ ಸಾಕು, ಹಂದಿಗೆ ಅಂತ ಇಟ್ಟಿದ್ದಕ್ಕೆ ಚಿರತೆ, ಹುಲಿ ಸಿಕ್ಕಿಕೊಳ್ಳುತ್ತೆ, ಕಾಡಂಚಲ್ಲಿ ಬೇಲಿ ಬೇಲಿ ತಡವಿ ಹುಡುಕಬೇಕು.

ನಡೆಯೋವಾಗ ಮುಂದೆ ಹಿರಿಯ ವಾಚರ್ ಇರ್ತಾನೆ. ಇದು ಎಲ್ಲೂ ಬರೆದಿರೋ ರೂಲ್ ಅಲ್ಲ. ಹುದ್ದೇಲಿ ನಾನು ದೊಡ್ಡವನು, ಆದ್ರೆ ಗಾಳಿ ಯಾವ ಕಡೆ ಇದೆ, ಪೊದೆ ಹಿಂದೆ ಆನೆ ಇದೆಯಾ, ಮಂಗ ಕೂಗಿದ್ದು ಯಾಕೆ, ಅದು ಅವನಿಗೇ ಗೊತ್ತು. ಅವನು ಕೈ ಎತ್ತಿದ್ರೆ ನಿಲ್ಲಬೇಕು, ಯಾಕೆ ಅಂತ ಕೇಳಬಾರದು. ಲಂಟಾನ ಬೆಳೆದಿರೋ ಕಡೆ ಹತ್ತು ಅಡಿ ಮುಂದೆ ಕಾಣಲ್ಲ, ಅಲ್ಲಿ ಒಂಟಿ ಸಲಗ ನಿಂತಿದ್ರೆ ಸಾಹೇಬ್ರು ವಾಚರ್ ಅಂತ ನೋಡಲ್ಲ. 2018ರ ಮಾರ್ಚಲ್ಲಿ ನಾಗರಹೊಳೆ ಡೈರೆಕ್ಟರ್ ಆಗಿದ್ದ ಎಸ್. ಮಣಿಕಂಡನ್ ಸರ್ ಡಿ.ಬಿ.ಕುಪ್ಪೆ ಕಡೆ ಬೆಂಕಿ ವಿಚಾರಕ್ಕೆ ಜಾಗ ನೋಡಕ್ಕೆ ಹೋದಾಗ ಆನೆ ದಾಳಿಗೆ ಸಿಕ್ಕಿ ತೀರ್ಕೊಂಡ್ರು. ಐಎಫ್‌ಎಸ್ ಆಫೀಸರ್, ಜೊತೇಲಿ ಸಿಬ್ಬಂದಿ ಇದ್ರು, ಆದ್ರೂ. ಅದಕ್ಕೇ ಆನೆ ಅಟ್ಟಿಸಿಕೊಂಡು ಬಂದ್ರೆ ಬ್ಯಾಗು ಬಿಸಾಕಿ ಬೇರೆ ಬೇರೆ ದಿಕ್ಕಿಗೆ ಓಡೋದು, ಆಮೇಲೆ ಮೊದಲೇ ಮಾತಾಡಿಕೊಂಡಿರೋ ಜಾಗದಲ್ಲಿ ಸೇರಿ ತಲೆ ಎಣಿಸೋದು, ಒಬ್ಬ ಕಮ್ಮಿ ಇದ್ರೂ ಎಲ್ರೂ ವಾಪಸ್ ಹುಡುಕಕ್ಕೆ ಹೋಗೋದು. ಒಬ್ಬನ್ನೂ ಬಿಟ್ಟು ಕ್ಯಾಂಪಿಗೆ ಬರೋ ಹಾಗಿಲ್ಲ, ಇದನ್ನ ಯಾರೂ ಮುರಿದಿದ್ದು ನಾನು ನೋಡಿಲ್ಲ.

ಬೆಂಕಿ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ನಿಮ್ಮ ತಮ್ಮನಿಗೆ ಮೊದಲ ವರ್ಷವೇ ಇದು ಎದುರಾಗುತ್ತೆ. ಡಿಸೆಂಬರ್ ಜನವರಿಲಿ ಬೆಂಕಿ ರೇಖೆ ಮಾಡ್ತೀವಿ, ಅಂದ್ರೆ ರಸ್ತೆ ಪಕ್ಕ, ಗಡಿಲಿ ಹುಲ್ಲು ಪೊದೆ ಕಡಿದು ಒಣಗಿಸಿ ನಾವೇ ಸುಟ್ಟು ಖಾಲಿ ಪಟ್ಟಿ ಬಿಡೋದು, ಬೆಂಕಿ ಬಂದ್ರೆ ಅಲ್ಲಿಗೆ ನಿಲ್ಲಲಿ ಅಂತ. ಫೆಬ್ರವರಿಯಿಂದ ಮಳೆ ಬರೋವರೆಗೂ ರಜೆ ಅನ್ನೋ ಮಾತೇ ಇಲ್ಲ. ಸ್ಯಾಟಲೈಟಿಂದ ಬೆಂಕಿ ಅಲರ್ಟ್ ಫೋನಿಗೆ ಬರುತ್ತೆ ಈಗ, ಆದ್ರೆ ಸಿಗ್ನಲ್ ಇಲ್ಲದ ಕಡೆ ಮರ ಹತ್ತಿ ಹೊಗೆ ನೋಡೋ ವಾಚರೇ ಬೇಗ ಹೇಳ್ತಾನೆ. ನಮ್ಮ ಕಡೆ ಕಾಡಲ್ಲಿ ಬೆಂಕಿ ತಾನಾಗಿ ಹತ್ತೋದು ಅಪರೂಪ, ಯಾರೋ ಹಚ್ಚಿದ್ದೇ ಹೆಚ್ಚು, ಹೊಸ ಹುಲ್ಲು ಬರಲಿ ಅಂತಲೋ, ಸಿಟ್ಟಿಗೋ, ಬೀಡಿ ಬಿಸಾಕಿಯೋ.

2017ರ ಫೆಬ್ರವರಿಲಿ ಬಂಡೀಪುರದ ಕಲ್ಕೆರೆ ರೇಂಜಲ್ಲಿ ಬೆಂಕಿ ಆರಿಸಕ್ಕೆ ಹೋಗಿ ಗಾರ್ಡ್ ಮುರುಗಪ್ಪ ತಮ್ಮನಗೋಳ ಸತ್ತುಹೋದ್ರು. ಚಿಕ್ಕ ವಯಸ್ಸು. ಆಮೇಲಿಂದ ನಮ್ಮಲ್ಲಿ ಬೆಂಕಿ ಅಂತ ಕರೆ ಬಂದಾಗಲೆಲ್ಲ ಯಾರಾದ್ರೂ ಒಬ್ರು ಅವರ ಹೆಸರು ತೆಗೀತಾರೆ, ಹೊಸಬ್ರಿಗೆ ಬುದ್ಧಿ ಹೇಳೋವಾಗ ಅದೇ ಉದಾಹರಣೆ. ಎರಡು ವರ್ಷಕ್ಕೆ 2019ರ ಫೆಬ್ರವರಿ, ಬಂಡೀಪುರದ ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ ಕಡೆ ಹತ್ತಿದ್ದು ನಾಲ್ಕೈದು ದಿನ ಆರಲಿಲ್ಲ, ನಾಲ್ಕು ಸಾವಿರ ಹೆಕ್ಟೇರಿಗಿಂತ ಜಾಸ್ತಿ ಸುಟ್ಟೋಯ್ತು, ಕೊನೆಗೆ ಏರ್‌ಫೋರ್ಸ್ ಹೆಲಿಕಾಪ್ಟರ್ ಬಂದು ನೀರು ಸುರೀಬೇಕಾಯ್ತು. ನಮ್ಮನ್ನೂ ಸಹಾಯಕ್ಕೆ ಕಳಿಸಿದ್ರು. ಕೈಯಲ್ಲಿ ಹಸಿ ಸೊಪ್ಪಿನ ರೆಂಬೆ, ಕೆಲವರ ಹತ್ರ ಬ್ಲೋವರ್, ಅಷ್ಟೇ. ಬೆಟ್ಟದ ಇಳಿಜಾರಲ್ಲಿ ಗಾಳಿ ತಿರುಗಿದ್ರೆ ಬೆಂಕಿ ಮನುಷ್ಯನಿಗಿಂತ ವೇಗವಾಗಿ ಮೇಲಕ್ಕೆ ಓಡುತ್ತೆ, ಒಣಗಿದ ಬಿದಿರು ಸಿಡಿಯೋ ಸದ್ದು ಕೋವಿ ಹೊಡೆದಂಗೆ ಇರುತ್ತೆ, ಹೊಗೇಲಿ ಪಕ್ಕದವನ ಮುಖ ಕಾಣಲ್ಲ. ಅಲ್ಲಿ ಇಬ್ಬಿಬ್ಬರ ಜೋಡಿ ಮಾಡಿಕೊಂಡಿದ್ವಿ, ಒಬ್ಬ ಹೊಡೀಬೇಕು, ಇನ್ನೊಬ್ಬ ಹಿಂದೆ ನಿಂತು ಗಾಳಿ ನೋಡ್ತಾ ಹೆಸರು ಕೂಗ್ತಾ ಇರಬೇಕು, ಸುಸ್ತಾದ್ರೆ ಬದಲಾಯಿಸಬೇಕು. ಹೆಸರು ಕೂಗಿದ್ದಕ್ಕೆ ಉತ್ರ ಬರಲಿಲ್ಲ ಅಂದ್ರೆ ಬೆಂಕಿ ಬಿಟ್ಟು ಅವನನ್ನ ಎಳೆಯೋದು. ಒಬ್ಬ ವಾಚರ್ ಅಣ್ಣ ತನ್ನ ನೀರಿನ ಬಾಟ್ಲಿ ನನ್ನ ಮುಖಕ್ಕೆ ಸುರಿದ, ತನಗೆ ಕುಡಿಯಕ್ಕೆ ಉಳಿಸಿಕೊಳ್ಳಲಿಲ್ಲ. ಅವನ ಕಾಲಲ್ಲಿ ಚಪ್ಪಲಿ ಇತ್ತು, ನನ್ನ ಕಾಲಲ್ಲಿ ಶೂ. ಈ ವ್ಯತ್ಯಾಸ ನನಗೆ ಇವತ್ತಿಗೂ ಸರಿ ಅನ್ಸಲ್ಲ.

ಬೆಂಗಳೂರು ಮೈಸೂರಿಂದ ವಾಲಂಟಿಯರ್‌ಗಳು ಕೂಡ ಬಂದಿದ್ರು ಆಗ, ಊಟ ನೀರು ತಂದವ್ರು, ಜೊತೆಗೆ ನಿಂತು ಬೆಂಕಿ ಹೊಡೆದವ್ರು, ಅವರಿಗೆ ನಾವು ಋಣಿ.

ಈ ಚಪ್ಪಲಿ ಶೂ ವಿಚಾರ ಹೇಳಿದ್ನಲ್ಲ, ಅದೇ ನಮ್ಮ ಕೆಲಸದ ದೊಡ್ಡ ಗಾಯ. ಗಾರ್ಡ್ ಪರ್ಮನೆಂಟು, ಸಂಬಳ ಸರಿಯಾಗಿ ಬರುತ್ತೆ, ಏನಾದ್ರೂ ಆದ್ರೆ ಮನೆಯವರಿಗೆ ಅನುಕಂಪದ ನೌಕರಿ ಕೇಳಬಹುದು. ವಾಚರ್‌ಗಳಲ್ಲಿ ಬಹಳ ಜನ ದಿನಗೂಲಿ ಅಥವಾ ಹೊರಗುತ್ತಿಗೆ, ಬೆಂಕಿ ಸೀಸನ್‌ಗೆ ಮಾತ್ರ ತಗೊಳ್ಳೋರು ಬೇರೆ. ಸಂಬಳ ತಡ ಆಗಿದ್ದಿದೆ. ಆಗ ನಾವು ಗಾರ್ಡ್‌ಗಳು, ಡಿಆರ್‌ಎಫ್‌ಓ (ಉಪ ವಲಯ ಅರಣ್ಯಾಧಿಕಾರಿ) ಸೇರಿ ಕೈಯಿಂದ ದುಡ್ಡು ಹಾಕಿ ಕ್ಯಾಂಪಿನ ರೇಷನ್ ತರೋದು, ಹಾಡಿಲಿ ಅವರ ಮನೆಗೂ ಅಕ್ಕಿ ಕೊಡಿಸೋದು. ಯಾರಿಗಾದ್ರೂ ಹಾವು ಕಚ್ಚಿದ್ರೆ, ಆನೆ ಬಿಸಾಕಿ ಮೂಳೆ ಮುರಿದ್ರೆ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಹಾಕ್ತೀವಿ, ರಾತ್ರಿಯೊಳಗೆ ಬೀದರ್‌ನಿಂದ ಕೊಡಗಿನವರೆಗೂ ಬ್ಯಾಚ್‌ಮೇಟ್‌ಗಳು ಐನೂರೋ ಸಾವಿರವೋ ರೂಪಾಯಿ ಹಾಕಿರ್ತಾರೆ. ಧಾರವಾಡದ ಗುಂಗರಗಟ್ಟಿ ಅಕಾಡೆಮಿಲೋ ಬೇರೆ ಸೆಂಟರಲ್ಲೋ ಜೊತೆಗೆ ಟ್ರೈನಿಂಗ್ ಆದವ್ರು ಆಮೇಲೆ ಯಾವತ್ತೂ ಒಂದೇ ಊರಲ್ಲಿ ಇರಲ್ಲ, ಆದ್ರೆ ಆ ಗ್ರೂಪ್ ಸಾಯಲ್ಲ, ನಿಮ್ಮ ತಮ್ಮನಿಗೂ ಆ ಬ್ಯಾಚೇ ಒಂದು ಆಸ್ತಿ. ಇದೆಲ್ಲ ಒಳ್ಳೇದೇ, ಆದ್ರೆ ನಾವು ಚಂದಾ ಎತ್ತುತ್ತೀವಿ ಅಂತ ವಾಚರ್‌ಗೆ ಇನ್ಶೂರೆನ್ಸ್ ಬೇಡ, ಶೂ ಬೇಡ, ತಿಂಗಳಿಗೆ ಸರಿಯಾಗಿ ಸಂಬಳ ಬೇಡ ಅಂತ ಆಗಬಾರದು. ಇದನ್ನ ನಾನು ಮೀಟಿಂಗಲ್ಲೂ ಹೇಳಿದೀನಿ, ಇಲ್ಲೂ ಹೇಳ್ತೀನಿ.

ಲಾಕ್‌ಡೌನ್ ಟೈಮ್ ಬಗ್ಗೆ ಒಂದೆರಡು ಮಾತು. 2020ರ ಏಪ್ರಿಲಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಝೂನಲ್ಲಿ ಹುಲಿಗೇ ಕೊರೊನಾ ಬಂತು ಅಂತ ಸುದ್ದಿ ಆದ್ಮೇಲೆ ದೇಶದ ಎಲ್ಲ ಹುಲಿ ಕಾಡುಗಳಿಗೂ ಎಚ್ಚರಿಕೆ ಬಂತು. ಸಫಾರಿ ಬಂದ್, ಒಳಗಿದ್ದವ್ರು ಒಳಗೆ, ಹೊರಗಿದ್ದವ್ರು ಹೊರಗೆ. ಊರಲ್ಲಿ ಕೆಲಸ ಇಲ್ಲದೆ ಕೂತ ಕೆಲವರು ಉರುಳು ಹಿಡಿದು ಕಾಡಿಗೆ ನುಗ್ಗಿದ್ರು, ನಮಗೆ ಗಸ್ತು ಜಾಸ್ತಿ ಆಯ್ತೇ ಹೊರತು ಕಮ್ಮಿ ಆಗಲಿಲ್ಲ. ಮನೇಲಿ ಅಪ್ಪನಿಗೆ ಜ್ವರ ಅಂತ ಗೊತ್ತಾದ್ರೂ ಹೋಗಕ್ಕಾಗದೆ ಒದ್ದಾಡ್ತಿದ್ದ ಹುಡುಗನ ಊರಿಗೆ, ಅದೇ ಜಿಲ್ಲೇಲಿ ಡ್ಯೂಟಿ ಮಾಡ್ತಿದ್ದ ಅವನ ಬ್ಯಾಚ್‌ಮೇಟ್ ಹೋಗಿ ಔಷಧಿ ಕೊಟ್ಟು ಬಂದ. ಸಂಜೆ ವೈರ್‌ಲೆಸ್ಸಲ್ಲಿ ಕ್ಯಾಂಪ್ ಕ್ಯಾಂಪಿಗೂ ಹಾಜರಿ ಕೂಗೋವಾಗ ರೇಂಜರ್ ಸಾಹೇಬ್ರು ಆಗ ಹಾಜರಿ ಜೊತೆಗೆ ಊಟ ಆಯ್ತಾ, ಮನೇಲಿ ಹೆಂಗವ್ರೆ ಅಂತ ಒಬ್ಬೊಬ್ಬರನ್ನೇ ಕೇಳ್ತಿದ್ರು, ಅಷ್ಟು ಕೇಳಿದ್ರೆ ಮನಸ್ಸು ಎಷ್ಟೋ ಹಗುರ ಆಗ್ತಿತ್ತು.

ಊರಿನವರ ಸಿಟ್ಟನ್ನೂ ನಿಮ್ಮ ತಮ್ಮ ಎದುರಿಸಬೇಕು. ಹುಲಿ ಹಸು ಹೊಡೀತು, ಆನೆ ಬಾಳೆ ತುಳೀತು ಅಂದ್ರೆ ಮೊದಲು ಸಿಗೋನು ಗಾರ್ಡ್. 2025ರ ಸೆಪ್ಟೆಂಬರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಹುಲಿಗೆ ಇಟ್ಟಿದ್ದ ಬೋನಿನೊಳಗೆ ಊರಿನವರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದ್ರು. ಅದನ್ನ ನೋಡಿ ನಮಗೆ ಹೊಟ್ಟೆ ಉರೀತು ನಿಜ, ಆದ್ರೆ ವರ್ಷಪೂರ್ತಿ ಸಾಲ ಮಾಡಿ ಬೆಳೆದಿದ್ದು ಒಂದು ರಾತ್ರಿಗೆ ಹೋದ್ರೆ ರೈತನ ಹೊಟ್ಟೆನೂ ಹಂಗೇ ಉರಿಯುತ್ತೆ. 2023ರ ಆನೆ ಗಣತಿ ಪ್ರಕಾರ ಕರ್ನಾಟಕದಲ್ಲಿ 6,395 ಆನೆ, ದೇಶದಲ್ಲೇ ಜಾಸ್ತಿ, ಅಷ್ಟು ಆನೆ ಜೊತೆ ಬದುಕ್ತಿರೋರು ಆ ಕಾಡಂಚಿನ ಜನ. ಅಂಥ ಕಡೆ ಒಬ್ಬನೇ ಹೋಗಬಾರದು, ಊರಿನ ಗುರುತಿರೋ ವಾಚರ್ ಜೊತೆ ಹೋಗಬೇಕು, ಬೈದ್ರೆ ಬೈಸಿಕೊಂಡು ಪರಿಹಾರದ ಅರ್ಜಿ ಅಲ್ಲೇ ಬರೆದುಕೊಡಬೇಕು. ಹಾಸನದ ಆಲೂರಲ್ಲಿ ಗಾಯಗೊಂಡಿದ್ದ ಭೀಮ ಅನ್ನೋ ಕಾಡಾನೆಗೆ ಅರಿವಳಿಕೆ ಹೊಡೆಯಕ್ಕೆ ಹೋಗಿ ಅದರ ದಾಳಿಗೆ ಸಿಕ್ಕಿದ ಆನೆ ವೆಂಕಟೇಶ್ ಅವ್ರನ್ನ 2023ರಲ್ಲಿ ಕಳ್ಕೊಂಡ್ವಿ, ಅವರೂ ನಮ್ಮ ಡಿಪಾರ್ಟ್‌ಮೆಂಟಲ್ಲಿ ಕೆಲಸ ಮಾಡಿದವ್ರೇ, ಎಷ್ಟೋ ಆನೆ ಕಾರ್ಯಾಚರಣೆಗೆ ಅವರೇ ಧೈರ್ಯ.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಕಾಂಗೋ ದೇಶದ ವಿರುಂಗಾ ಪಾರ್ಕಲ್ಲಿ ಗೊರಿಲ್ಲಾ ಕಾಯೋ ರೇಂಜರ್‌ಗಳಲ್ಲಿ 12 ಜನ 2020ರ ಏಪ್ರಿಲ್ 24ರಂದು ಒಂದೇ ದಾಳಿಲಿ ಸತ್ರು, ಅಲ್ಲಿ ಸತ್ತವರ ಹೆಂಡತಿಯರಿಗೆ ಹೊಲಿಗೆ ಕೆಲಸ ಕೊಟ್ಟು ಜೊತೇಲೇ ಇಟ್ಕೊಂಡಿದಾರೆ. ಜುಲೈ 31 ವಿಶ್ವ ರೇಂಜರ್ ದಿನ. ನಮಗೆ ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ, 1730ರಲ್ಲಿ ರಾಜಸ್ಥಾನದ ಖೇಜಡ್ಲಿಲಿ ಮರ ತಬ್ಬಿಕೊಂಡು ಸತ್ತ 363 ಬಿಷ್ಣೋಯಿಗಳ ನೆನಪಿಗೆ ಇಟ್ಟಿದ್ದು. ಅವತ್ತು ಹೆಸರುಗಳನ್ನ ಓದ್ತಾರೆ, ಐಎಫ್‌ಎಸ್ ಆಫೀಸರ್ ಪಿ. ಶ್ರೀನಿವಾಸ್ ಸರ್ ಹೆಸರು ಬರುತ್ತೆ, 1991ರಲ್ಲಿ ವೀರಪ್ಪನ್ ಕೊಂದಿದ್ದು, ಅದಕ್ಕೂ ಮುಂಚೆ ವೀರಪ್ಪನ್ ಊರು ಗೋಪಿನಾಥಂನಲ್ಲಿ ಜನರ ಜೊತೆ ಇದ್ದು ಕೆಲಸ ಮಾಡಿದವ್ರು. ಸಿಬ್ಬಂದಿಯ ಮನೆಯವರು ಬಂದಿರ್ತಾರೆ, ಅವರನ್ನ ವರ್ಷದ ಉಳಿದ ದಿನ ಯಾರು ವಿಚಾರಿಸ್ತಾರೆ ಅನ್ನೋದು ನನಗೆ ಮುಖ್ಯ. ನಮ್ಮ ರೇಂಜಲ್ಲಿ ತೀರಿಹೋದ ಒಬ್ಬ ವಾಚರ್ ಮಗಳ ಕಾಲೇಜು ಫೀಸು ನಾವು ಕೆಲವರು ಸೇರಿ ಕಟ್ತಿದೀವಿ, ಅವಳು ನರ್ಸಿಂಗ್ ಓದ್ತಿದಾಳೆ.

ನಿಮ್ಮ ಅವ್ವನಿಗೆ ಸುಳ್ಳು ಧೈರ್ಯ ಹೇಳಬೇಡಿ, ಅಪಾಯ ಇದೆ. ಆದ್ರೆ ಅಪಾಯದಲ್ಲಿ ಒಂಟಿ ಆಗಲ್ಲ ಅಂತ ಹೇಳಿ, ಇದು ನಾನು ಕಂಡಿದ್ದು. ತಮ್ಮನಿಗೆ ಹೇಳಿ, ವಾಚರ್‌ಗಳನ್ನ ಅಣ್ಣ ಅಂತ ಕರೀಲಿ, ಏಯ್ ಬಾರೋ ಅನ್ನೋ ಗಾರ್ಡ್‌ಗೆ ಕಾಡಲ್ಲಿ ಯಾರೂ ಮನಸ್ಸಿಟ್ಟು ದಾರಿ ತೋರಿಸಲ್ಲ. ಒಳ್ಳೆ ಶೂ ಎರಡು ಜೊತೆ ತಗೊಳ್ಳಿ, ಟಾರ್ಚ್, ಉಣ್ಣೆ ಹುಳ ಹತ್ತದಂಗೆ ಉದ್ದ ಸಾಕ್ಸು. ಸಂಬಳದ ಅಕೌಂಟಿಗೆ ನಾಮಿನಿ ಹೆಸರು ಮೊದಲ ತಿಂಗಳೇ ಹಾಕಿಸಲಿ. ಒಂದು ದಿನ ಫೋನ್ ಬರಲಿಲ್ಲ ಅಂತ ಗಾಬರಿ ಬೀಳಬೇಡಿ, ಮೂರು ದಿನ ಬರದೇ ಇರೋದೂ ಮಾಮೂಲಿ, ಅದಕ್ಕೇ ಅವನ ನಂಬರ್ ಜೊತೆಗೆ ಅದೇ ಕ್ಯಾಂಪಿನ ಇಬ್ಬರು ವಾಚರ್‌ಗಳದ್ದು, ಅವರ ಮನೆಯವರದ್ದು, ರೇಂಜ್ ಆಫೀಸಿಂದು ನಂಬರ್ ತಗೊಂಡು ಗೋಡೆ ಮೇಲೆ ಬರೆದಿಡಿ. ಮೊದಲ ಸಲ ರಜಕ್ಕೆ ಬಂದಾಗ ಕ್ಯಾಂಪಿನವರಿಗೆಲ್ಲ ಆಗೋವಷ್ಟು ಶೇಂಗಾ ಚಟ್ನಿ ಪುಡಿ ಕಟ್ಟಿ ಕಳಿಸಕ್ಕೆ ಅವ್ವನಿಗೆ ಹೇಳಿ. ಪೋಸ್ಟಿಂಗ್ ಯಾವ ರೇಂಜ್ ಅಂತ ಗೊತ್ತಾದ್ಮೇಲೆ ಇಲ್ಲೇ ಕೆಳಗೆ ಬರೀರಿ, ಆ ಕಡೆ ನಮ್ಮ ಬ್ಯಾಚಿನವ್ರು ಇದ್ದೇ ಇರ್ತಾರೆ, ಮಾತಾಡಿ ಹೇಳ್ತೀನಿ.