ಕಂಪ್ಯೂಟರ್ ಪ್ರಶ್ನೋತ್ತರ: ವಿಂಡೋಸ್ 10 ಆದ ಮೇಲೆ ಏನು?

ಪ್ರಶ್ನೆ: ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ವಿಂಡೋಸ್ 11 ಹಾಕಲು ಹೋದರೆ ‘ಈ ಪಿಸಿ ಅರ್ಹವಲ್ಲ’ ಎನ್ನುತ್ತದೆ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಬದಲಿಸಲೇಬೇಕೆ?

ಉತ್ತರ: ಬದಲಿಸುವ ಮಾತು ಆಮೇಲೆ. ಮೊದಲು ಯಾವುದು ಅಡ್ಡ ಬಂದಿದೆ ಎಂದು ನೋಡಿ. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ತಂತ್ರಾಂಶ ಉಚಿತ. ಅದನ್ನು ಓಡಿಸಿದರೆ ಯಾವ ಅಂಶದಲ್ಲಿ ಕೊರತೆ ಎಂದು ಒಂದೊಂದಾಗಿ ತೋರಿಸುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್ಐ (ಯಂತ್ರವನ್ನು ಆರಂಭಿಸುವ ಹೊಸ ವಿಧಾನ), ಸೆಕ್ಯೂರ್ ಬೂಟ್ (ನಂಬಿಕಸ್ತ ತಂತ್ರಾಂಶ ಮಾತ್ರ ಆರಂಭವಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ), ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ಭಾಗ) ಮತ್ತು ಮಾನ್ಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಸ್ಥೂಲವಾಗಿ ಹೇಳುವುದಾದರೆ ಇಂಟೆಲ್ 8ನೇ ಪೀಳಿಗೆ ಅಥವಾ ಎಎಂಡಿ ರೈಜೆನ್ 2000 ಸರಣಿಯಿಂದ ಈಚಿನವು ಆ ಪಟ್ಟಿಯಲ್ಲಿವೆ.

ಕೊರತೆ ಟಿಪಿಎಂನದಾದರೆ ಸಂತೋಷಪಡಿ. ಎಷ್ಟೋ ಯಂತ್ರಗಳಲ್ಲಿ ಅದು ಇರುತ್ತದೆ, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ, ಯಂತ್ರದ್ದೇ ಸೆಟ್ಟಿಂಗ್ ಪುಟ) ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಯಂತ್ರಗಳಲ್ಲಿ ಅದರ ಹೆಸರು ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’. ಆನ್ ಮಾಡಿ, ಸೇವ್ ಮಾಡಿ ಹೊರಬಂದರೆ ಸಾಕು. ಸೆಕ್ಯೂರ್ ಬೂಟ್‌ನದು ಇನ್ನೂ ಸ್ವಲ್ಪ ನಾಜೂಕಿನ ಕೆಲಸ. ‘ಸಿಸ್ಟಂ ಇನ್ಫರ್ಮೇಷನ್’ ತೆರೆದು ‘ಬಯೋಸ್ ಮೋಡ್’ ಎಂಬ ಸಾಲನ್ನು ನೋಡಿ. ಅಲ್ಲಿ ‘ಲೆಗಸಿ’ ಎಂದಿದ್ದರೆ ನಿಮ್ಮ ಡಿಸ್ಕ್‌ನ ವಿಭಾಗಗಳ ಪಟ್ಟಿ ಹಳೆಯ ಎಂಬಿಆರ್ ವಿಧಾನದಲ್ಲಿದೆ ಎಂದರ್ಥ. ನೇರವಾಗಿ ಬಯೋಸ್‌ಗೆ ಹೋಗಿ ಯುಇಎಫ್ಐಗೆ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಗಾಬರಿ ಬೇಡ, ಮತ್ತೆ ಲೆಗಸಿಗೆ ತಂದರೆ ಮೊದಲಿನಂತೆ ಏಳುತ್ತದೆ. ಸರಿಯಾದ ಕ್ರಮವೆಂದರೆ, ವಿಂಡೋಸ್‌ನೊಳಗೇ ಇರುವ ‘ಎಂಬಿಆರ್2ಜಿಪಿಟಿ’ ಸಾಧನದಿಂದ ಮೊದಲು ಡಿಸ್ಕನ್ನು ಹೊಸ ವಿಧಾನವಾದ ಜಿಪಿಟಿಗೆ ಪರಿವರ್ತಿಸಿ, ಆಮೇಲೆ ಬಯೋಸ್ ಮುಟ್ಟುವುದು.

ಇಲ್ಲಿ ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಡಿಸ್ಕ್‌ನಲ್ಲಿ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ (ಡಿಸ್ಕ್‌ನಲ್ಲಿರುವುದನ್ನೆಲ್ಲ ಗೂಢಲಿಪಿಗೆ ಬದಲಿಸಿ ಬೀಗ ಹಾಕುವ ವ್ಯವಸ್ಥೆಗಳು) ಆನ್ ಆಗಿದ್ದು ನೀವು ಟಿಪಿಎಂ, ಸೆಕ್ಯೂರ್ ಬೂಟ್ ಕದಲಿಸಿದರೆ, ಮುಂದಿನ ಸಲ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆರಾರು ಅಂಕಿಗಳ ಎಂಟು ಗುಂಪು ಅದು. ಅದಿಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಫೋಟೊ, ದಾಖಲೆ ಯಾವುದೂ ಸಿಗುವುದಿಲ್ಲ. ಯಾವ ತಂತ್ರಜ್ಞರೂ ತೆಗೆದುಕೊಡಲಾರರು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದವರಿಗೆ ಸಾಮಾನ್ಯವಾಗಿ ಆ ಖಾತೆಯ ಪುಟದಲ್ಲೇ ಕೀ ಸಿಗುತ್ತದೆ. ಬಯೋಸ್ ಮುಟ್ಟುವ ಮೊದಲೇ ಅದನ್ನು ಕಾಗದದಲ್ಲಿ ಬರೆದಿಡಿ. ಕಂಪ್ಯೂಟರ್‌ನೊಳಗೇ ಉಳಿಸಿಟ್ಟರೆ ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ.

ಪ್ರೊಸೆಸರೇ ಹಳೆಯದಾದರೆ ಸೆಟ್ಟಿಂಗ್‌ನಿಂದ ಏನೂ ಆಗದು. ವಿಂಡೋಸ್ 10ರ ಮಾಮೂಲು ಸುರಕ್ಷತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ಮನೆಬಳಕೆಯವರಿಗಾಗಿ 2026ರ ಅಕ್ಟೋಬರ್ 13ರವರೆಗಿನ ‘ಇಎಸ್‌ಯು’ ವಿಸ್ತರಣೆ ಇದೆ. ಅದಕ್ಕೆ 22ಎಚ್2 ಆವೃತ್ತಿ ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಣಿಯ ಕೊಂಡಿ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡಬೇಕಿಲ್ಲ. ಇನ್ನು ನಿಯಮ ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳೂ ಉಂಟು. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರ್‌ಗೆ ಅದು ಬೇಡವೆಂದೇ ನಮ್ಮ ಸಲಹೆ.

ಪ್ರಶ್ನೆ: ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಹಾಕಿ ನೋಡುವ ಆಸೆ. ಇರುವ ವಿಂಡೋಸ್, ಫೈಲುಗಳು ಹಾಳಾಗದಂತೆ ಹೇಗೆ?

ಉತ್ತರ: ಹಾಕುವುದು ಬೇರೆ, ನೋಡುವುದು ಬೇರೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿದರೆ ಒಳಗಿನ ಡಿಸ್ಕ್ ಹಾಗೇ ಇರುತ್ತದೆ. ಮಿಂಟ್‌ನ 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. 4 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇದ್ದರೆ ‘ಸಿನಮನ್’ ಆವೃತ್ತಿ, ಯಂತ್ರ ಬಡಕಲಾಗಿದ್ದರೆ ‘ಎಕ್ಸ್‌ಎಫ್‌ಸಿಇ’ ಆವೃತ್ತಿ ತೆಗೆದುಕೊಳ್ಳಿ.

ಮಿಂಟ್ ಪೂರ್ತಿ ಅಡಕವಾಗಿರುವ ಐಎಸ್ಒ ಫೈಲು ಸುಮಾರು 3 ಜಿಬಿ. ಇಳಿಸಿಕೊಂಡ ಮೇಲೆ ಬಹಳ ಮಂದಿ ಬಿಟ್ಟುಬಿಡುವ ಒಂದು ಹೆಜ್ಜೆ ಇದೆ: ಫೈಲು ಪೂರ್ತಿ ಬಂದಿದೆಯೇ ಎಂಬ ತಪಾಸಣೆ. 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸಿಆರ್‌ಸಿ ಎಸ್‌ಎಚ್ಎ’ ಪಟ್ಟಿಯಿಂದ ‘ಎಸ್‌ಎಚ್ಎ-256’ ಆರಿಸಿ. ಬರುವ 64 ಅಕ್ಷರಗಳ ಸಾಲು ಮಿಂಟ್‌ನ ಜಾಲತಾಣದಲ್ಲಿ ಕೊಟ್ಟ ಸಾಲಿಗೆ ತಾಳೆಯಾಗಬೇಕು. ಒಂದೇ ಅಕ್ಷರ ಬೇರೆಯಾದರೂ ಮತ್ತೆ ಇಳಿಸಿಕೊಳ್ಳಿ. ಅರ್ಧಕ್ಕೆ ನಿಲ್ಲುವ ಇನ್‌ಸ್ಟಾಲೇಷನ್‌ಗೆ ಎಷ್ಟೋ ಸಲ ಇದೇ ಕಾರಣ.

ಬಳಿಕ 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್ ಹಾಕಿ ‘ರೂಫಸ್’ ತಂತ್ರಾಂಶದಿಂದ ಆ ಐಎಸ್ಒ ಫೈಲನ್ನು ಅದಕ್ಕೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಯುಇಎಫ್ಐ ಯಂತ್ರವಾದರೆ ‘ಜಿಪಿಟಿ’, ಹಳೆಯ ಲೆಗಸಿ ಯಂತ್ರವಾದರೆ ‘ಎಂಬಿಆರ್’ ಆರಿಸಿ. ಕಂಪ್ಯೂಟರ್ ಆನ್ ಆಗುವಾಗ ಬೂಟ್ ಮೆನು ತೆರೆಯುವ ಕೀ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಏಸರ್‌ನಲ್ಲೂ ಎಫ್12, ಆದರೆ ಕೆಲವು ಮಾದರಿಗಳಲ್ಲಿ ಮೊದಲು ಬಯೋಸ್‌ನಲ್ಲಿ ಅದನ್ನು ಸಕ್ರಿಯಗೊಳಿಸಬೇಕು.

ಡೆಸ್ಕ್‌ಟಾಪ್ ಬಂದ ಮೇಲೆ ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್, ಪರದೆಯ ಬೆಳಕಿನ ಕೀಗಳು ಎಲ್ಲವನ್ನೂ ಪರೀಕ್ಷಿಸಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂಬುದನ್ನು ಮರೆಯಬೇಡಿ. ವೇಗವನ್ನು ಮಾತ್ರ ಈಗಲೇ ಅಳೆಯಬೇಡಿ, ಪೆನ್‌ಡ್ರೈವ್‌ನಿಂದ ಓಡುವಾಗ ಯಾವುದೂ ನಿಧಾನವೇ. ವೈಫೈ ಕಾಣದಿದ್ದರೆ, ಬ್ರಾಡ್‌ಕಾಮ್ ಚಿಪ್ ಇರುವವುಗಳಲ್ಲಿ ಇದು ಹೆಚ್ಚು, ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ. ಇಂಟರ್‌ನೆಟ್ ಬರುತ್ತದೆ, ‘ಡ್ರೈವರ್ ಮ್ಯಾನೇಜರ್’ ತೆರೆದು ಬೇಕಾದ ಡ್ರೈವರ್ ಹಾಕಿಕೊಳ್ಳಬಹುದು.

ಇಷ್ಟವಾಗಿ ವಿಂಡೋಸ್ ಪಕ್ಕದಲ್ಲೇ ಹಾಕುವುದಾದರೆ ಮೊದಲು ಫೈಲುಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ತೆಗೆಯಿರಿ. ಅದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಆ ಡ್ರೈವ್‌ಗೆ ಲಿನಕ್ಸ್‌ನಿಂದ ಏನೂ ಬರೆಯಲು ಆಗದಂತಾಗುತ್ತದೆ. ಇನ್‌ಸ್ಟಾಲರ್‌ನಲ್ಲಿ ‘ಇರೇಸ್ ಡಿಸ್ಕ್’ ಆಯ್ಕೆ ಎಂದರೆ ವಿಂಡೋಸ್ ಸಮೇತ ಎಲ್ಲ ಹೋಯಿತು. ನಿಮಗೆ ಬೇಕಾದದ್ದು ‘ಅಲಾಂಗ್‌ಸೈಡ್’. ಹಾಕಿದ ಮೇಲೆ ‘ಟೈಮ್‌ಶಿಫ್ಟ್’ ಚಾಲೂ ಮಾಡಿ. ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಅದು ನೆರವಾಗುತ್ತದೆ, ಆದರೆ ನಿಮ್ಮ ಸ್ವಂತ ಫೋಟೊ, ದಾಖಲೆಗಳನ್ನು ತಾನಾಗಿ ಉಳಿಸುವುದಿಲ್ಲ.

ಪ್ರಶ್ನೆ: ಆನ್ ಆಗಲು ಐದು ನಿಮಿಷ ಬೇಕು. ಯಾವ ಕ್ಲೀನರ್ ತಂತ್ರಾಂಶ ಹಾಕಲಿ?

ಉತ್ತರ: ಯಾವುದೂ ಬೇಡ. ರಿಜಿಸ್ಟ್ರಿ ಕ್ಲೀನರ್‌ಗಳಿಂದ ವೇಗ ಹೆಚ್ಚುವುದಿಲ್ಲ, ಏನಾದರೂ ಕೆಡುವುದೇ ಹೆಚ್ಚು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಎದುರು ‘ಎಚ್‌ಡಿಡಿ’ (ತಟ್ಟೆ ತಿರುಗುವ ಹಳೆಯ ಬಗೆಯ ಡಿಸ್ಕ್) ಎಂದಿದ್ದು, ಏನೂ ಮಾಡದಿರುವಾಗಲೂ ಬಳಕೆ 100 ಶೇಕಡಾ ಮುಟ್ಟುತ್ತಿದ್ದರೆ ರೋಗ ಅಲ್ಲಿಯೇ ಇದೆ. ಡಿಸ್ಕ್‌ನ ಆರೋಗ್ಯ ತೋರಿಸುವ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ತಂತ್ರಾಂಶದಲ್ಲಿ 05, ಸಿ5, ಸಿ6 ಎಂಬ ಸಾಲುಗಳನ್ನು ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು ಅದು ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ, ಇವತ್ತೇ ಬ್ಯಾಕಪ್ ಮಾಡಿ.

ಮದ್ದು ಎಸ್ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್. ಹಳೆಯ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ ಬೇಕಾಗುವುದು 2.5 ಇಂಚಿನ ಸಾಟಾ. ಅದು 7 ಮಿಲಿಮೀಟರ್ ದಪ್ಪ. ಹಳೆಯ ಡಿಸ್ಕ್ 9.5 ಇದ್ದರೆ ಜಾಗದಲ್ಲಿ ಅಲುಗಾಡುತ್ತದೆ, ಪ್ಲಾಸ್ಟಿಕ್ ಸ್ಪೇಸರ್ ಹಾಕಬೇಕು. ಎಂ.2 ಕಿಂಡಿ ಇದ್ದರೆ ಅದು ಸಾಟಾ ಜೋಡಣೆಯದ್ದೋ ಎನ್‌ವಿಎಂಇ ಜೋಡಣೆಯದ್ದೋ ಎಂದು ಯಂತ್ರದ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ, ನೋಡಲು ಎರಡೂ ಒಂದೇ ಥರ. ಇದ್ದಂತೆಯೇ ನಕಲು ಮಾಡಲು ‘ರೆಸ್ಕ್ಯೂಜಿಲ್ಲಾ’ ಉಚಿತ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಲಿ.

ಪ್ರಶ್ನೆ: 32 ಜಿಬಿ ಪೆನ್‌ಡ್ರೈವ್ ಖಾಲಿ ಇದ್ದರೂ 5 ಜಿಬಿ ವಿಡಿಯೊ ಹಿಡಿಯುವುದಿಲ್ಲ, ಏಕೆ?

ಉತ್ತರ: ಅದು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದೆ. ಆ ವಿಧಾನದಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಇರುವುದನ್ನು ಬೇರೆಡೆ ಇಟ್ಟು ‘ಎಕ್ಸ್‌ಫ್ಯಾಟ್’ಗೆ ಫಾರ್ಮ್ಯಾಟ್ ಮಾಡಿ. ಕೆಲವು ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ, ಅದಕ್ಕೊಂದು ಬೇರೆ ಪೆನ್‌ಡ್ರೈವ್ ಇರಲಿ.

ಪ್ರಶ್ನೆ: ಕ್ಯಾಮೆರಾದ ಕಾರ್ಡ್‌ನಿಂದ ಫೋಟೊಗಳು ಕೈತಪ್ಪಿ ಅಳಿಸಿಹೋದವು. ಮರಳಿ ಬರುತ್ತವೆಯೇ?

ಉತ್ತರ: ಅಳಿಸಿದ ಮೇಲೆ ಆ ಕಾರ್ಡ್‌ಗೆ ಏನನ್ನೂ ಬರೆಯದಿದ್ದರೆ ಬಹುಪಾಲು ಬರುತ್ತವೆ. ಕಾರ್ಡನ್ನು ಈಗಲೇ ಹೊರತೆಗೆಯಿರಿ. ಅಳಿಸುವಾಗ ಹೋಗುವುದು ಪಟ್ಟಿಯಲ್ಲಿನ ಹೆಸರು, ಚಿತ್ರ ಇದ್ದಲ್ಲೇ ಇರುತ್ತದೆ; ಹೊಸ ಫೋಟೊ ತೆಗೆದಾಗ ಅದರ ಮೇಲೆ ಬರಹ ಬೀಳುತ್ತದೆ. ವಿಂಡೋಸ್‌ನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಆಗಿದ್ದರೂ ಆಸೆ ಉಂಟು. ಆ ಗುರುತು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದ್ದರೆ ಇಲ್ಲ, ಆಗ ಉದ್ದಕ್ಕೂ ಸೊನ್ನೆ ಬರೆದಿರುತ್ತದೆ. ಕಂಪ್ಯೂಟರ್‌ನೊಳಗಿನ ಎಸ್ಎಸ್‌ಡಿಯಿಂದ ಅಳಿಸಿದ್ದರೂ ಕಷ್ಟವೇ, ಏಕೆಂದರೆ ‘ಟ್ರಿಮ್’ ಎಂಬ ವ್ಯವಸ್ಥೆ ಆ ಜಾಗವನ್ನು ಬೇಗನೆ ಖಾಲಿ ಮಾಡಿಬಿಡುತ್ತದೆ.

‘ಫೋಟೊರೆಕ್’ ಬಳಸಿ. ಉಚಿತ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಕಾರ್ಡ್ ರೀಡರ್‌ನಲ್ಲಿ ಹಾಕಿ, ಪಟ್ಟಿಯಲ್ಲಿ ಗಾತ್ರ ನೋಡಿ ಕಾರ್ಡನ್ನೇ ಆರಿಸಿ, ಸಿಕ್ಕಿದ್ದನ್ನು ಉಳಿಸಲು ಕಂಪ್ಯೂಟರ್‌ನ ಡಿಸ್ಕ್‌ನಲ್ಲಿ ಒಂದು ಫೋಲ್ಡರ್ ತೋರಿಸಿ. ಅದೇ ಕಾರ್ಡ್‌ಗೆ ಉಳಿಸಲು ಹೋದರೆ ಉಳಿದ ಫೋಟೊಗಳನ್ನೂ ನೀವೇ ಅಳಿಸಿದಂತಾಗುತ್ತದೆ. ಹಳೆಯ ಫೈಲ್ ಹೆಸರುಗಳು ಬರುವುದಿಲ್ಲ, ಎಫ್ ಅಕ್ಷರದ ಮುಂದೆ ಅಂಕಿಗಳ ಸಾಲು ಇರುತ್ತದೆ. ಆದರೆ ತೆಗೆದ ದಿನಾಂಕ ಚಿತ್ರದೊಳಗೇ ಅಡಗಿರುವುದರಿಂದ, ಫೋಲ್ಡರ್‌ನಲ್ಲಿ ‘ಡೇಟ್ ಟೇಕನ್’ ಪ್ರಕಾರ ಜೋಡಿಸಿದರೆ ತೆಗೆದ ಕ್ರಮದಲ್ಲೇ ನಿಲ್ಲುತ್ತವೆ.